ಹಿಮದ ಹಾವುಗೆ

ಕಾಲಿಗೆ ಮೆಟ್ಟುವ ವಸ್ತುವನ್ನು ಕೊಳ್ಳುವಾಗ ಮನುಷ್ಯನು ನೆಲವನ್ನು ನೋಡುವದು ಕಡಿಮೆ, ಕನ್ನಡಿಯನ್ನು ನೋಡುವದು ಹೆಚ್ಚು. ಅಂಗಡಿಯಲ್ಲಿ ಹೊಳೆಯುವ ಜೋಡು ಎರಿ ಹೊಲದ ಕೆಸರಿನಲ್ಲಿ ಅರ್ಧ ದಿವಸ ಬಾಳದು. ಹೊಲದ ಜೋಡು ಲಗ್ನದ ಹಂದರದಲ್ಲಿ ಶೋಭಿಸದು. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಕೊಳ್ಳುವ ಹೊತ್ತಿಗೆ ಎಲ್ಲರೂ ಮರೆಯುವ ಮಾತು.

ಇಳಕಲ್ಲಿನ ಒಂದು ನೇಕಾರ ಮನೆಯಲ್ಲಿ ಇಂಥದೇ ಒಂದು ವಿಚಾರವು ಮೂರು ವಾರಗಳ ವರೆಗೆ ನಡೆಯಿತು. ಆದರೆ ಅಲ್ಲಿ ಕೊಳ್ಳಬೇಕಾದದ್ದು ಚರ್ಮದ ಜೋಡಲ್ಲ. ಹಿಮದ ಮೇಲೆ ಜಾರುವ ಸ್ಕೀ ಎಂಬ ಹಲಗೆಗಳ ಜೋಡು. ವೈಶಾಖದಲ್ಲಿ ಕಲ್ಲು ಕಾದು ಕೆಂಡವಾಗುವ ಊರು. ಮಂಜೆಂದರೆ ಮಾಗಿಯ ಮುಂಜಾವಿನಲ್ಲಿ ಹೊಲದ ಮೇಲೆ ತೆಳ್ಳಗೆ ಹಬ್ಬಿ ಹೊತ್ತೇರುವಷ್ಟರಲ್ಲಿ ಕರಗುವದೆಂದಷ್ಟೇ ಬಲ್ಲ ಜನ. ಅಂಥಲ್ಲಿ ಹಿಮದ ಹಾವುಗೆಯ ಮಾತೆದ್ದರೆ ನೆರೆಹೊರೆಯವರು ನಗದೆ ಇದ್ದಾರೆಯೆ? ನಕ್ಕರು. ಆದರೆ ಆ ಮನೆಯ ತಂದೆ ನಗಲಿಲ್ಲ. ಹೊಸ ಮಗ್ಗಕ್ಕೆಂದು ಐದು ವರುಷ ಕೂಡಿಟ್ಟ ಹಣವು ಆ ಮಾತಿಗೆ ತಗುಲಿಕೊಂಡಿದ್ದಿತು. ಹಣಕ್ಕಿಂತ ಹೆಚ್ಚಿನದಾದ ಇನ್ನೊಂದು ವಸ್ತುವೂ ತಗುಲಿಕೊಂಡಿದ್ದಿತು. ಅದು ಮಗನ ಮೊಣಕಾಲು.

ಮಗನು ಇಪ್ಪತ್ತುನಾಲ್ಕು ವರುಷದ ತರುಣ. ಬಾಗಲಕೋಟೆಯಲ್ಲಿ ಓದುತ್ತಿದ್ದಾಗ ರವಿವಾರಕ್ಕೊಮ್ಮೆ ಬಾದಾಮಿಗೆ ಹೋಗಿ ಕೆಂಪು ಮರಳುಗಲ್ಲಿನ ಗೋಡೆಗಳನ್ನು ಹತ್ತುವದನ್ನು ಕಲಿತನು. ಅಗಸ್ತ್ಯತೀರ್ಥದ ಸುತ್ತಣ ಆ ಬಂಡೆಗಳಿಗೆ ಈಗ ದೇಶವಿದೇಶಗಳಿಂದ ಏರುಗಾರರು ಬರುತ್ತಾರೆಂಬುದು ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಬಂಡೆಯಿಂದ ಪರ್ವತಕ್ಕೆ, ಪರ್ವತದಿಂದ ಹಿಮಕ್ಕೆ ಮನಸ್ಸು ಹರಿಯಿತು. ಮನಾಲಿಯಲ್ಲಿರುವ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆಯಲ್ಲಿ ಸ್ಕೀಯ ಮೊದಲ ಪಾಠವನ್ನು ಮುಗಿಸಿದನು. ಮರುವರುಷ ಗೆಳೆಯರೊಡನೆ ಕಾಶ್ಮೀರದ ಗುಲ್ಮರ್ಗಕ್ಕೆ ಹೋದನು. ಅಲ್ಲಿ ಬೇರೆಯವರ ಸಪೂರ ಹಲಗೆಗಳನ್ನು ಎರವಲು ತೆಗೆದುಕೊಂಡು, ಯಂತ್ರದಿಂದ ಒತ್ತಿ ಹಸನುಮಾಡಿದ ಜಾಡನ್ನು ಬಿಟ್ಟು ಪಕ್ಕದ ಹೊಸ ಹಿಮಕ್ಕೆ ಇಳಿದನು. ನೂರು ಮಾರು ಹೋಗುವಷ್ಟರಲ್ಲಿ ಒಂದು ಹಲಗೆ ಹಿಮದಲ್ಲಿ ಹುಗಿಯಿತು. ಮೈ ಮುಂದಕ್ಕೆ ಹೋಯಿತು. ಮೊಣಕಾಲು ಎರಡರ ನಡುವೆ ತಿರುಚಿತು. ಆರು ವಾರ ಮನೆಯಲ್ಲಿ ಹಾಸಿಗೆ ಹಿಡಿದನು. ತಾಯಿ ಕಾಲಿಗೆ ಕಾವು ಕೊಡುತ್ತ ಹಿಮಾಲಯಕ್ಕೆ ಶಾಪ ಹಾಕಿದಳು.

ಕಾಲು ನೆಟ್ಟಗಾದ ಮೇಲೆ ಮಗನ ಮನಸ್ಸು ಮತ್ತೆ ಉತ್ತರಕ್ಕೇ ತಿರುಗಿತು. ತಂದೆ ಬೈಯಲಿಲ್ಲ, ಕೇಳಿದ್ದು ಒಂದೇ ಮಾತು: “ತಮ್ಮಾ, ತಪ್ಪು ಕಾಲಿಂದೋ, ಹಲಗೀದೋ?” ಮಗನು ವಿಚಾರಿಸಿ “ಆರಿಸಿದವನದು” ಎಂದನು. ಆ ಉತ್ತರವು ತಂದೆಗೆ ಮೆಚ್ಚಿಗೆಯಾಯಿತು. “ಹಂಗಾರ ಈ ಸಾರೆ ತಿಳದು ಆರಿಸು. ರೊಕ್ಕಾ ನಾ ಕೊಡ್ತೀನಿ. ಆದರ ಯಾಕ ಇದನ್ನ ತಗೊಂಡಿ ಅಂತ ನನಗ ತಿಳಿಯೂಹಂಗ ಹೇಳಬೇಕು.” ಗಣಿತದ ಪರೀಕ್ಷೆಗಿಂತಲೂ ಇದು ಕಠಿನವಾದ ಪರೀಕ್ಷೆ. ತನಗೆ ತಿಳಿದುದನ್ನು ತಿಳಿಯದವನಿಗೆ ತಿಳಿಯುವಂತೆ ಹೇಳಬೇಕಾದರೆ ಮೊದಲು ತನಗೆ ತಿಳಿದಿದೆಯೇ ಎಂಬುದು ಹೊರಬೀಳುವದು.

ಮಗ್ಗದ ಮಗ್ಗುಲಲ್ಲಿ ಕಂಡಿಕೆ ಸುತ್ತುತ್ತ ಕುಳಿತಿದ್ದ ಮುತ್ಯಾ ಇಬ್ಬರ ಮಾತನ್ನೂ ಕೇಳಿ ಒಂದು ಸೂತ್ರವನ್ನು ಹೇಳಿದನು. “ದಾನಾ ಕೊಡೂಮುಂದ ದೇಶಾ, ಕಾಲಾ, ಪಾತ್ರಾ ನೋಡಬೇಕಂತ ಪುರಾಣದಾಗ ಹೇಳ್ತಾರ. ನೀ ಹಲಗಿ ಕೊಳ್ಳೂಮುಂದ ಅದನ್ನ ನೋಡು. ಎಲ್ಲಿ ತುಳೀತಿ, ಯಾವಾಗ ತುಳೀತಿ, ತುಳಿಯಾಂವ ಯಾರು?” ಮುದುಕನು ಹಿಮವನ್ನು ಕಂಡವನಲ್ಲ, ಆದರೂ ಸ್ಕೀಯ ಶಾಸ್ತ್ರವೆಲ್ಲ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆಯೆಂಬುದು ಮುಂದೆ ತರುಣನಿಗೆ ಕಂಡುಬಂದಿತು.

ತರುಣನ ತೊಡಕು ಇದು. ಅವನಿಗೆ ಎರಡು ಆಸೆಗಳಿದ್ದವು. ಒಂದು, ಜಾಡು ಬಿಟ್ಟ ಆಳವಾದ ಹಿಮದಲ್ಲಿ ಇಳಿಯುವದು. ಎರಡನೆಯದು, ಹಿಮದ ದಿಬ್ಬಗಳ ಮೇಲಿಂದ ಹಾರಿ ಗಾಳಿಯಲ್ಲಿ ತಿರುಗಿ ಇಳಿಯುವ ಫ್ರೀಸ್ಟೈಲ್ ಎಂಬ ಆಟ. ಆಸೆಗಳು ಎರಡು, ಹಣದ ಚೀಲ ಒಂದು.

ಮೊದಲನೆಯ ಪ್ರಶ್ನೆಯಾದ ದೇಶದ ವಿಚಾರವನ್ನು ಬಿಡಿಸಿದವನು ಹುನಗುಂದದ ಒಬ್ಬ ಮುಪ್ಪಿನ ಬಡಿಗ. ಅವನು ತಂದೆಯ ಹಳೆಯ ಗೆಳೆಯ. ಮಗ್ಗದ ದುರಸ್ತಿಗೆ ಈಗಲೂ ಬರುವವನು. ಒಂದು ಕಾಲಕ್ಕೆ ಆ ಭಾಗದ ಚಕ್ಕಡಿಗಳಿಗೆ ಗಾಲಿ ಕೂಡಿಸಿದ ಕೈ. ತರುಣನು ಕಾಗದದ ಮೇಲೆ ಎರಡು ಹಲಗೆಗಳನ್ನು ಬರೆದು ತೋರಿಸಿದನು. ಒಂದರ ನಡು ಎಪ್ಪತ್ತು ಮಿಲಿಮೀಟರ್ ಅಗಲ. ಇನ್ನೊಂದರದು ನೂರಾ ಹತ್ತು. ಬಡಿಗನು ಚಷ್ಮಾ ಏರಿಸಿ ನೋಡಿ ನಕ್ಕನು. “ಎರಿ ಹೊಲದಾಗ ಮಳಿ ಆದಮ್ಯಾಲೆ ಸಪೂರ ಗಾಲಿ ಚಕ್ಕಡಿ ಯಾರ ಹೂಡತಾರಪಾ? ಅಚ್ಚಿನತನಕಾ ಇಳೀತೈತಿ. ಮಸಾರಿ ನೆಲಾ ಇದ್ದರ ಸಪೂರ ಗಾಲೀನ ಛಲೋ, ಹಗೂರ ಓಡತೈತಿ.”

ಗಣಿತವೂ ಬಡಿಗನ ಮಾತನ್ನೇ ಹೇಳುತ್ತದೆ. ನೂರಾ ಎಪ್ಪತ್ತು ಸೆಂಟಿಮೀಟರ್ ಉದ್ದ, ಏಳು ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ತಳವು ಸುಮಾರು ೨,೩೮೦ ಚದರ ಸೆಂಟಿಮೀಟರ್. ಅದೇ ಉದ್ದದಲ್ಲಿ ಅಗಲವು ಹನ್ನೊಂದು ಸೆಂಟಿಮೀಟರ್ ಆದರೆ ತಳವು ೩,೭೪೦. ಎಪ್ಪತ್ತು ಕಿಲೋ ಭಾರದ ಮನುಷ್ಯನು ಮೊದಲನೆಯ ಜೋಡಿನ ಮೇಲೆ ನಿಂತರೆ ಚದರ ಸೆಂಟಿಮೀಟರಿಗೆ ಸುಮಾರು ೨೯ ಗ್ರಾಂ ಒತ್ತುವದು. ಎರಡನೆಯದರ ಮೇಲೆ ನಿಂತರೆ ೧೯ ಗ್ರಾಂ ಮಾತ್ರ. ಹಲಗೆಯು ತುದಿಗಳಲ್ಲಿ ನಡುವಿಗಿಂತ ಅಗಲವಾಗಿರುವದರಿಂದ ನಿಜವಾದ ಲೆಕ್ಕ ಸ್ವಲ್ಪ ಬೇರೆಯಾದೀತು. ಆದರೆ ತಾತ್ಪರ್ಯ ಬೇರೆಯಾಗದು. ಅಗಲವಾದ ಹಲಗೆಯು ಮೆತ್ತಗಿನ ಹಿಮದ ಮೇಲೆ ತೇಲುವದು, ಸಪೂರಾದದ್ದು ಮುಳುಗುವದು. ತರುಣನ ಮೊಣಕಾಲು ತಿರುಚಿದ್ದು ಈ ಲೆಕ್ಕವನ್ನು ಮಾಡದೆ ಇಳಿದುದರಿಂದ.

ಹಾಗಾದರೆ ಎಲ್ಲರೂ ಅಗಲವಾದ ಹಲಗೆಯನ್ನೇ ಏಕೆ ಕೊಳ್ಳಬಾರದು? ಇದಕ್ಕೂ ಬಡಿಗನ ಗಾಲಿಯೇ ಉತ್ತರ. ಒತ್ತಿದ ಜಾಡಿನ ಗಟ್ಟಿ ಹಿಮದ ಮೇಲೆ ಹಲಗೆಯು ತೇಲಬೇಕಾಗಿಲ್ಲ. ಅಂಚಿನಿಂದ ಕಚ್ಚಿ ಹಿಡಿಯಬೇಕು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿಯಿದ್ದಂತೆ ಸ್ಕೀಯ ಅಂಚಿಗೆ ಉಕ್ಕಿನ ಪಟ್ಟಿಯಿರುವದು. ೧೯೨೦ರ ದಶಕದಲ್ಲಿ ಆಸ್ಟ್ರಿಯದ ರುಡಾಲ್ಫ್ ಲೆಟ್ನರನು ಅದನ್ನು ಬಳಕೆಗೆ ತಂದನು. ಸಪೂರಾದ ನಡುವಿನ ಹಲಗೆಯನ್ನು ಒಂದಂಚಿನಿಂದ ಇನ್ನೊಂದಂಚಿಗೆ ಹೊರಳಿಸುವದು ಸುಲಭ. ಅಗಲವಾದದ್ದನ್ನು ಗಟ್ಟಿ ಹಿಮದಲ್ಲಿ ಹೊರಳಿಸಬೇಕಾದರೆ ಮೊಣಕಾಲಿನ ಮೇಲೆ ಹೆಚ್ಚು ಭಾರ ಬೀಳುವದು. ನೊಂದ ಕಾಲಿನವನಿಗೆ ಇದು ಸಣ್ಣ ಮಾತಲ್ಲ. ಹೀಗೆ ಜಾಡಿನ ಹಲಗೆಗೆ ನಡುವಿನ ಅಗಲ ಸಾಮಾನ್ಯವಾಗಿ ಎಪ್ಪತ್ತರಿಂದ ಎಂಬತ್ತೈದು ಮಿಲಿಮೀಟರ್. ಆಳವಾದ ಹಿಮದ್ದಕ್ಕೆ ನೂರರಿಂದ ನೂರಿಪ್ಪತ್ತು. ಎರಡಕ್ಕೂ ಸಲ್ಲುವಂಥದು ಇವೆರಡರ ನಡುವೆ.

ಬಡಿಗನ ಕಣ್ಣು ಚಿತ್ರದಲ್ಲಿ ಇನ್ನೊಂದು ಸಂಗತಿಯನ್ನು ಹಿಡಿಯಿತು. “ಇದರ ನಡಾ ಯಾಕ ಸಣ್ಣದೈತಿ?” ಹಲಗೆಯ ಮುಂಭಾಗವೂ ಹಿಂಭಾಗವೂ ಅಗಲವಾಗಿದ್ದು ನಡುವು ಒಳಕ್ಕೆ ಬಾಗಿರುವದು. ಅಂಚಿನ ಮೇಲೆ ವಾಲಿಸಿ ಭಾರ ಹಾಕಿದರೆ ಆ ಬಾಗು ಹಿಮದಲ್ಲಿ ಒಂದು ಕಮಾನನ್ನು ಕೊರೆಯುವದು. ಹಲಗೆಯು ತಾನಾಗಿಯೇ ತಿರುಗುವದು. ನಾರ್ವೆ ದೇಶದ ಟೆಲೆಮಾರ್ಕ್ ಸೀಮೆಯ ಸೊಂಡ್ರೆ ನೋರ್‌ಹೈಮ್ ಎಂಬವನು (೧೮೨೫–೧೮೯೭) ಇಂಥ ಸಣ್ಣ ನಡುವಿನ ಹಲಗೆಗಳನ್ನು ಬಳಕೆಗೆ ತಂದವರಲ್ಲಿ ಮುಖ್ಯನು. ಅವನೂ ಬಡವರ ಮನೆಯವನೇ. ಇದನ್ನು ಕೇಳಿ ಹುನಗುಂದದ ಬಡಿಗನು, ತನ್ನ ಜಾತಿಯ ಕಸಬುದಾರನೊಬ್ಬನು ಹಿಮದ ದೇಶದಲ್ಲಿದ್ದನೆಂದು ಸಂತೋಷಪಟ್ಟನು. ಈಗಿನ ಹಲಗೆಗಳ ಒಳಗೂ ಹೆಚ್ಚಾಗಿ ಮರವೇ ಇರುವದೆಂದೂ, ಪೋಪ್ಲರ್, ಬೀಚ್, ಆ್ಯಶ್ ಮುಂತಾದ ಮರಗಳ ಸೀಳುಗಳನ್ನು ಅಂಟಿಸಿ ಮೇಲೆ ನಾರುಗಾಜಿನ ಹೊದಿಕೆಯನ್ನು ಹಾಕುವರೆಂದೂ ತಿಳಿದಾಗ, “ಒಂದ ತುಂಡು ಕಟಗಿ ಸೊಟ್ಟಾಗತೈತಿ, ಸೀಳು ಕೂಡಿಸಿದ್ದು ಆಗೂದಿಲ್ಲ” ಎಂದು ತಾನೇ ಅದರ ಕಾರಣವನ್ನೂ ಹೇಳಿದನು. ಸ್ಕೀ ಎಂಬ ಶಬ್ದವೂ ಹಳೆಯ ನಾರ್ವೆ ಭಾಷೆಯಲ್ಲಿ ಸೀಳಿದ ಕಟ್ಟಿಗೆಯೆಂಬ ಅರ್ಥದ್ದೆಂಬುದನ್ನು ಇಲ್ಲಿ ನೆನೆಯಬಹುದು.

ಹುನಗುಂದ ತಾಲೂಕಿನಲ್ಲೇ ಕೂಡಲಸಂಗಮವಿದೆ. ಕೃಷ್ಣೆ ಮಲಪ್ರಭೆಗಳು ಕೂಡುವ ಆ ನೀರಿನ ದಂಡೆಯಲ್ಲಿ ನಿಂತು ದೋಣಿಯನ್ನು ನೋಡಿದಾಗ ತರುಣನಿಗೆ ಹಲಗೆಯ ಬಾಗಿನ ರಹಸ್ಯ ಹೊಳೆಯಿತು. ಹಳೆಯ ಕ್ರಮದ ಸ್ಕೀಯನ್ನು ನೆಲದ ಮೇಲಿಟ್ಟರೆ ಬಿಲ್ಲಿನಂತೆ ನಡುವು ಮೇಲೆದ್ದಿರುವದು. ಮನುಷ್ಯನ ಭಾರ ಬಿದ್ದಾಗ ಅದು ನೆಟ್ಟಗಾಗಿ ಅಂಚೆಲ್ಲವೂ ಹಿಮವನ್ನು ಒತ್ತುವದು. ಗಟ್ಟಿ ಹಿಮಕ್ಕೆ ಇದು ಹಿತ. ಆದರೆ ಆಳವಾದ ಹಿಮವು ನೆಲದಂತಲ್ಲ; ನೀರಿನಂತೆ. ಶೇನ್ ಮೆಕಾಂಕಿ ಎಂಬ ಸ್ಕೀಪಟುವು ಇದನ್ನು ಕಂಡುಕೊಂಡು, ನೀರಿನ ಮೇಲೆ ಜಾರುವ ಹಲಗೆಯನ್ನು ಮಾದರಿಯಾಗಿಟ್ಟುಕೊಂಡು, ಎರಡೂ ತುದಿಗಳು ದೋಣಿಯಂತೆ ಮೇಲೆದ್ದ ಅಗಲವಾದ ಸ್ಕೀಯನ್ನು ಕಲ್ಪಿಸಿದನು. ೨೦೦೨ರ ಸುಮಾರಿಗೆ ಅದು ಪೇಟೆಗೆ ಬಂದಿತು. ಮೊದಲು ನಕ್ಕವರು ಅನಂತರ ಅನುಸರಿಸಿದರು. ಈಗ ಜಾಡು ಬಿಟ್ಟು ಇಳಿಯುವವರ ಹಲಗೆಗಳಲ್ಲಿ ಬಹಳವು, ತುದಿಯಲ್ಲಿ ದೋಣಿಯ ಗುಣ, ಕಾಲಡಿಯಲ್ಲಿ ಬಿಲ್ಲಿನ ಗುಣ, ಹೀಗೆ ಮಿಶ್ರವಾಗಿರುವವು.

ಫ್ರೀಸ್ಟೈಲಿನ ಹಲಗೆಯನ್ನು ತಿಳಿಯಲು ತರುಣನು ಎಲ್ಲಿಗೂ ಹೋಗಬೇಕಾಗಲಿಲ್ಲ. ಮನೆಯ ಕುಣಿಮಗ್ಗದಲ್ಲಿ ತಂದೆಯ ಕೈಯೊಳಗೇ ಅದು ಆಡುತ್ತಿದ್ದಿತು. ಲಾಳಿಗೆ ಮುಂದು ಹಿಂದು ಎಂಬುದಿಲ್ಲ. ಎರಡು ತುದಿಯೂ ಒಂದೇ ಬಗೆ. ಬಲದಿಂದ ಎಡಕ್ಕೆ ಓಡಿದ್ದು ತಿರುಗದೆ ಎಡದಿಂದ ಬಲಕ್ಕೆ ಓಡುವದು. ಗಾಳಿಯಲ್ಲಿ ತಿರುಗಿ ಬೆನ್ನು ಮುಂದಾಗಿ ಇಳಿಯುವ ಆಟಗಾರನಿಗೂ ಇಂಥ ಹಲಗೆಯೇ ಬೇಕು. ಹಿಂದಿನ ತುದಿ ಚಪ್ಪಟೆಯಿದ್ದರೆ ಹಿಮದಲ್ಲಿ ನೆಟ್ಟು ಬೀಳಿಸುವದು. ಎರಡೂ ತುದಿ ಬಾಗಿದ ಹಲಗೆಗಳು ಮೊದಲೂ ಇದ್ದವಾದರೂ, ಕೆನಡಾದ ಕೆಲವು ತರುಣರ ಬೇಡಿಕೆಯ ಮೇರೆಗೆ ಸಾಲೊಮನ್ ಎಂಬ ಕಾರಖಾನೆಯು ೧೯೯೮ರಲ್ಲಿ ತಂದ ಹಲಗೆಯಿಂದ ಈ ಆಟದ ರೂಪವೇ ಬದಲಾಯಿತು. ೨೦೧೪ರ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಈ ಬಗೆಯ ಇಳಿಜಾರಿನ ಆಟಕ್ಕೆ ಸ್ಥಾನ ದೊರೆಯಿತು.

ತಂದೆ ಲಾಳಿಯನ್ನು ನಿಲ್ಲಿಸಿ ಕೇಳಿದನು: “ಹಂಗಾರ ಲಾಳಿಯಂಥಾದ್ದ ತಗೊ. ಆಳದ ಹಿಮದಾಗೂ ನಡೀತೈತಿಲ್ಲ?”

ತೊಡಕಿನ ಗಂಟು ಇಲ್ಲಿಯೇ ಇದ್ದಿತು. ಲಾಳಿಯಂತೆ ಎರಡೂ ಕಡೆ ಓಡುವ ಹಲಗೆಯಲ್ಲಿ ಕಾಲನ್ನು ನಟ್ಟನಡುವೆ ಕಟ್ಟಬೇಕು. ಹಾಗಾದರೆ ತಿರುಗುವಾಗ ತೂಕ ಸಮನಾಗುವದು. ಆಳವಾದ ಹಿಮದಲ್ಲಿಯೋ ಕಾಲು ನಡುವಿಗಿಂತ ತುಸು ಹಿಂದಿರಬೇಕು. ಹಾಗಾದರೆ ದೋಣಿಯ ಮೂತಿಯಂತೆ ಮುಂತುದಿ ತೇಲುವದು. ಆಟದ ಹಲಗೆಯು ತುಸು ಮೋಟಾಗಿರಬೇಕು, ನಡುವು ಸಾಮಾನ್ಯವಾಗಿ ಎಂಬತ್ತರಿಂದ ತೊಂಬತ್ತೈದು ಮಿಲಿಮೀಟರ್. ಕಬ್ಬಿಣದ ಕಂಬಿಗಳ ಮೇಲೆ ಜಾರುವದರಿಂದ ಅಂಚು ದಪ್ಪವಾಗಿರಬೇಕು. ಆಳದ ಹಲಗೆಯು ಉದ್ದವಾಗಿರಬೇಕು, ಅಗಲವಾಗಿರಬೇಕು, ಬೆಟ್ಟವನ್ನು ಕಾಲಿನಿಂದಲೇ ಏರಬೇಕಾದರೆ ಹಗುರವೂ ಆಗಿರಬೇಕು. ಒಂದೇ ಹಲಗೆಯು ಎರಡನ್ನೂ ಮಾಡೀತು. ಆದರೆ ಎರಡರಲ್ಲಿಯೂ ಮೊದಲನೆಯದಾಗದು. ತಂದೆಗೆ ಇದು ಬೇಗ ತಿಳಿಯಿತು. ನೂಲಿನ ಒಡಲಿಗೂ ರೇಷ್ಮೆಯ ಸೆರಗಿಗೂ ಬೇರೆ ಬೇರೆ ಹಾಸು ಮಾಡಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಕೂಡಿಸುವ ಊರಿನವನು ಅವನು. ಒಂದೇ ಹಾಸಿನಿಂದ ಎಲ್ಲವನ್ನೂ ಸಾಧಿಸಹೋದರೆ ಇಳಕಲ್ಲ ಸೀರೆಯಾಗದು.

ಎರಡನೆಯ ಪ್ರಶ್ನೆಯು ಕಾಲದ್ದು. ಹಿಮವೆಂಬುದು ಒಂದೇ ವಸ್ತುವಲ್ಲ. ಗುಲ್ಮರ್ಗವು ಸುಮಾರು ೨,೬೫೦ ಮೀಟರ್ ಎತ್ತರದ ಬಯಲು. ಅಲ್ಲಿಂದ ತಂತಿಯ ತೊಟ್ಟಿಲು ಅಫರ್ವತ್ ಬೆಟ್ಟದ ಹೆಗಲಿನ ವರೆಗೆ, ನಾಲ್ಕು ಸಾವಿರ ಮೀಟರಿಗೆ ತುಸು ಕಡಿಮೆಯಾಗುವಷ್ಟು ಎತ್ತರಕ್ಕೆ ಒಯ್ಯುವದು. ಜನವರಿ ಫೆಬ್ರುವರಿಗಳಲ್ಲಿ ಅಲ್ಲಿ ಬೀಳುವ ಹಿಮವು ಅರಳೆಯಂತೆ ಒಣಗಿ ಹಗುರವಾಗಿರುವದು. ಮಾರ್ಚಿನ ಬಿಸಿಲಿಗೆ ಅದೇ ಹಿಮವು ಹಗಲು ನೀರಾಡಿ ರಾತ್ರಿ ಗಟ್ಟಿಯಾಗುವದು; ಮುಂಜಾನೆ ಕಲ್ಲು, ಮಧ್ಯಾಹ್ನ ಅಂಬಲಿ. ಅರಳೆಗೆ ಆರಿಸಿದ ಹಲಗೆಯು ಕಲ್ಲಿನ ಮೇಲೆ ಹಿಡಿತ ತಪ್ಪೀತು. ಆದುದರಿಂದ ವರುಷಕ್ಕೆ ಎರಡು ವಾರ ಮಾತ್ರ ಹೋಗುವವನು, ಆ ಎರಡು ವಾರಗಳಲ್ಲಿ ಹಿಮವು ಹೇಗಿದ್ದರೂ ಸಾಗಿಸುವಂಥದನ್ನು ಕೊಂಡು, ಮೊಣಕಾಲುದ್ದ ಹಿಮ ಬಿದ್ದ ದಿವಸ ಅಗಲವಾದದ್ದನ್ನು ಬಾಡಿಗೆಗೆ ಹಿಡಿಯುವದೇ ಮೇಲು.

ಕಾಲಕ್ಕೆ ಇನ್ನೊಂದು ಅರ್ಥವೂ ಉಂಟು. ಹೊಸ ಹಿಮ ಬಿದ್ದ ಮರುದಿವಸ, ಗಾಳಿಯು ಹಿಮವನ್ನು ತೂರಿ ಇಳಿಜಾರಿನ ಮೇಲೆ ಒಟ್ಟಿದ ಹೊತ್ತು, ಮೂವತ್ತರಿಂದ ನಾಲ್ವತ್ತೈದು ಅಂಶದ ಇಳುಕಲುಗಳಲ್ಲಿ ಹಿಮದ ಪದರು ಜರಿದು ಬೀಳುವ ಭಯವು ಬಹಳ. ೨೦೨೩ರ ಫೆಬ್ರುವರಿಯಲ್ಲಿಯೂ ೨೦೨೪ರ ಫೆಬ್ರುವರಿಯಲ್ಲಿಯೂ ಗುಲ್ಮರ್ಗದ ಮೇಲಣ ಇಳಿಜಾರುಗಳಲ್ಲಿ ವಿದೇಶದಿಂದ ಬಂದ ಸ್ಕೀಗಾರರು ಇಂಥ ಹಿಮಪಾತಕ್ಕೆ ಸಿಕ್ಕು ಮಡಿದರು. ಯಾವ ಹಲಗೆಯೂ ಹಿಮಪಾತಕ್ಕಿಂತ ಅಗಲವಾಗಿಲ್ಲ. ಹಿಮದಡಿ ಸಿಕ್ಕವನನ್ನು ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ ಅಗೆದು ತೆಗೆದರೆ ಬದುಕುವ ಆಸೆಯು ಬಹಳ; ಅರ್ಧ ತಾಸು ಕಳೆದರೆ ಅದು ಕುಸಿದು ಹೋಗುವದು. ಆದುದರಿಂದ ಜಾಡು ಬಿಡುವವನ ಮೈಮೇಲೆ ಸಂಕೇತವನ್ನು ಕಳಿಸುವ ಮತ್ತು ಹಿಡಿಯುವ ಸಣ್ಣ ಯಂತ್ರವೂ, ಚೀಲದಲ್ಲಿ ಮಡಿಸುವ ಸಲಿಕೆಯೂ, ಹಿಮವನ್ನು ಚುಚ್ಚಿ ನೋಡುವ ಉದ್ದನೆಯ ಕೋಲೂ ಇರಲೇಬೇಕು, ಜೊತೆಗಾರನಲ್ಲಿಯೂ ಇರಬೇಕು. ಏಕೆಂದರೆ ತನ್ನ ಸಲಿಕೆಯಿಂದ ತನ್ನನ್ನು ಅಗೆದುಕೊಂಡವನು ಇಲ್ಲ.

ಮೂರನೆಯದು ಪಾತ್ರದ ವಿಚಾರ. ಇದನ್ನು ಕಲಿಸಿದ್ದು ಬಾದಾಮಿ. ತರುಣನು ತನಗೆ ಬಂಡೆ ಹತ್ತುವದನ್ನು ಕಲಿಸಿದ ಹಿರಿಯ ಏರುಗಾರನನ್ನು ಕಾಣಲು ಹೋದನು. ಆ ದಿವಸ ಒಬ್ಬ ಹೊಸಬನು ಮೊಸಳೆಯ ಮೂತಿಯಂತೆ ಕೆಳಗೆ ಬಾಗಿದ ಬಿಗಿಯಾದ ಬೂಟನ್ನು ಮೆಟ್ಟಿಕೊಂಡು ಬಂದು, ಸುಲಭವಾದ ಗೋಡೆಯ ಬುಡದಲ್ಲಿ ನೋವಿನಿಂದ ಕುಂಟುತ್ತಿದ್ದನು. ಪಕ್ಕದಲ್ಲಿಯೇ ಊರ ಹುಡುಗರು ಬರಿಗಾಲಿನಲ್ಲಿ ಅದೇ ಗೋಡೆಯನ್ನು ಹತ್ತಿ ಇಳಿದು ನಗುತ್ತಿದ್ದರು. ಹಿರಿಯನು ಹೇಳಿದ್ದು ಇಷ್ಟೆ: “ಆ ಬೂಟು ಕೆಟ್ಟದ್ದಲ್ಲ. ಅದನ್ನು ಮಾಡಿದ್ದು ಇವನಿಗಾಗಿ ಅಲ್ಲ.”

ಗುಡಿಗಳ ಆ ಊರಿನಲ್ಲಿ ನಿಂತಾಗ ತರುಣನಿಗೆ ತಾನು ಓದಿದ ಇನ್ನೊಂದು ಸಂಗತಿ ನೆನಪಾಯಿತು. ನಾರ್ವೆಯ ಡೀಗರ್‌ವಾರ್ಡೆನ್ ಎಂಬ ಬೆಟ್ಟದ ಕರಗುವ ಹಿಮದಲ್ಲಿ ೨೦೧೪ರಲ್ಲಿ ಒಂದು ಸ್ಕೀ, ೨೦೨೧ರಲ್ಲಿ ಅದರ ಜೋಡು ಸಿಕ್ಕಿತು. ಅವು ಸುಮಾರು ೧,೩೦೦ ವರುಷಗಳ ಹಿಂದಿನವು. ಎಂದರೆ ಬಾದಾಮಿಯಲ್ಲಿ ಚಾಲುಕ್ಯರು ಇನ್ನೂ ಆಳುತ್ತಿದ್ದ ಕಾಲದವು. ಇಲ್ಲಿಯ ಮೂರನೆಯ ಗುಹೆಯು ಕ್ರಿ. ಶ. ೫೭೮ರದು. ಎರಡನೆಯ ಹಲಗೆಯ ಉದ್ದ ೧೮೭ ಸೆಂಟಿಮೀಟರ್, ಅಗಲ ೧೭. ಕಾಲು ಕಟ್ಟಲು ಬರ್ಚ್ ಮರದ ಹೊಸೆದ ನಾರು, ಚರ್ಮದ ಪಟ್ಟಿ. ತುಳಿದು ತುಳಿದು ಸವೆದಿದೆ. ದುರಸ್ತಿ ಮಾಡಿದ ಗುರುತಿದೆ. ಎರಡು ಹಲಗೆಗಳೂ ಒಂದೇ ಅಳತೆಯವಲ್ಲ. ಅವನ್ನು ಮೆಟ್ಟಿದವನು ಯಾರೋ ತಿಳಿಯದು. ಆದರೆ ಅವನು ಸೊಬಗಿಗೆ ಅಲ್ಲ, ತನ್ನ ನೆಲಕ್ಕೆ ತಕ್ಕುದಾಗಿ ಆರಿಸಿದ್ದನೆಂಬುದು ಸ್ಪಷ್ಟ.

ಪಾತ್ರವನ್ನು ಅರಿಯುವದು ಎಂದರೆ ತನ್ನ ಎತ್ತರ, ತೂಕ, ಕಲಿಕೆಗಳನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವದು. ಹಲಗೆಯು ಬಿರುಸಾದಷ್ಟು ವೇಗದಲ್ಲಿ ಸ್ಥಿರ. ಆದರೆ ಕಲಿಯುವವನು ಹಿಂದಕ್ಕೆ ವಾಲಿದರೆ ಅದು ಕ್ಷಮಿಸುವದಿಲ್ಲ. ಮಿದುವಾದದ್ದು ತಪ್ಪನ್ನು ತಾಳಿಕೊಳ್ಳುವದು. ಹಲಗೆಗಿಂತ ಮೊದಲು ಬೂಟನ್ನು ಆರಿಸಬೇಕು. ಕಾಲಿನ ಮನಸ್ಸು ಹಲಗೆಗೆ ಮುಟ್ಟುವದು ಬೂಟಿನ ಮೂಲಕವೇ. ಬೂಟನ್ನು ಹಲಗೆಗೆ ಬಂಧಿಸುವ ಕೀಲು ಬಿದ್ದಾಗ ಎಷ್ಟು ಬಲಕ್ಕೆ ಕಳಚಿಕೊಳ್ಳಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಕಲಿಕೆ, ಬೂಟಿನ ಅಳತೆಗಳನ್ನು ನೋಡಿ ತಿಳಿದವರಿಂದ ಹೊಂದಿಸಿಕೊಳ್ಳಬೇಕು. ಬಾಗಲಕೋಟೆಯ ನವನಗರದಲ್ಲಿ ಮೊಣಕಾಲನ್ನು ಪರೀಕ್ಷಿಸಿದ ವೈದ್ಯರೂ ಇದನ್ನೇ ಒತ್ತಿ ಹೇಳಿದರು. ಎರವಲಿನ ಹಲಗೆಯ ಕೀಲು ಬೇರೊಬ್ಬ ಭಾರದ ಮನುಷ್ಯನಿಗೆ ಬಿಗಿದದ್ದಾಗಿತ್ತು. ತರುಣನು ಬಿದ್ದಾಗ ಅದು ಕಳಚಲಿಲ್ಲ. ಹಲಗೆ ಮುಳುಗಿದ್ದು ಒಂದು ತಪ್ಪು. ಕೀಲು ಹಿಡಿದದ್ದು ಎರಡನೆಯದು. ಎರಡನ್ನೂ ನೋಡದೆ ಹೊರಟದ್ದು ಮೂರನೆಯದು.

ಕನ್ನಡಿಗರಿಗೆ ಹಿಮವು ಒಲ್ಲದ ವಿದ್ಯೆಯೇನೂ ಅಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ೨೦೨೫ರಲ್ಲಿ ಚಿಲಿ ದೇಶದ ಕೂಟದಲ್ಲಿ ಐದು ಕಿಲೋಮೀಟರ್ ಹಿಮದ ಓಟದಲ್ಲಿ ಕಂಚಿನ ಪದಕವನ್ನು ಪಡೆದಳು. ಆ ಓಟದ ಹಲಗೆಯು ಎರಡು ಹೆಬ್ಬೆರಳಿನಷ್ಟು ಮಾತ್ರ ಅಗಲ. ಅವಳ ಪದಕದ ಸುದ್ದಿಯನ್ನು ಓದಿ ಅದೇ ಹಲಗೆಯನ್ನು ತೊಟ್ಟು ಅಫರ್ವತದ ಆಳ ಹಿಮಕ್ಕೆ ಇಳಿದವನ ಗತಿ ಏನಾದೀತು? ಒಬ್ಬರ ಅಮೃತವು ಇನ್ನೊಬ್ಬರಿಗೆ ಅಜೀರ್ಣ.

ಮೂರು ವಾರ ಕಳೆದ ಮೇಲೆ ತರುಣನು ತಂದೆಯ ಮುಂದೆ ಕುಳಿತು ತನ್ನ ನಿರ್ಣಯವನ್ನು ಒಪ್ಪಿಸಿದನು. ಮೊದಲು ಅವನ ಕಣ್ಣು ನೂರಿಪ್ಪತ್ತು ಮಿಲಿಮೀಟರಿನ ಚಿತ್ರವಿಚಿತ್ರ ಬಣ್ಣದ ಹೊಸ ಹಲಗೆಯ ಮೇಲಿದ್ದಿತು. ಅದು ಪಟುಗಳು ಮೆಟ್ಟುವಂಥದು. ಅದನ್ನು ಬಿಟ್ಟನು. ಒಬ್ಬರು ಎರಡು ಚಳಿಗಾಲ ಬಳಸಿ ಮಾರುತ್ತಿದ್ದ ಹಳೆಯ ಜೋಡನ್ನು ಆರಿಸಿದನು: ನಡುವು ತೊಂಬತ್ತಾರು ಮಿಲಿಮೀಟರ್, ಉದ್ದವು ತನ್ನ ಎತ್ತರದಷ್ಟೇ, ಮುಂತುದಿಯಲ್ಲಿ ದೋಣಿಯ ಬಾಗು, ಕಾಲಡಿ ಬಿಲ್ಲು, ಹಿಂದಿನ ತುದಿ ತುಸು ಎದ್ದದ್ದು, ಬಿರುಸು ಮಧ್ಯಮ. ಕೀಲನ್ನು ನಡುವಿಗಿಂತ ಎರಡು ಸೆಂಟಿಮೀಟರ್ ಹಿಂದೆ ಕೂಡಿಸುವದು. ಫ್ರೀಸ್ಟೈಲಿನ ಆಸೆಯನ್ನು ಎರಡು ವರುಷ ಮುಂದಕ್ಕೆ ಹಾಕಿದನು. ಸಣ್ಣ ದಿಬ್ಬಗಳ ಮೇಲೆ ಹಾರಲು ಈ ಹಲಗೆಯೇ ಸಾಕು. ಬೂಟು ಮಾತ್ರ ಹೊಸದು. ಉಳಿದ ಹಣದಲ್ಲಿ ಸಂಕೇತದ ಯಂತ್ರ, ಸಲಿಕೆ, ಕೋಲು. ಹಿಮಪಾತದ ಪಾಠಕ್ಕೆ ಶುಲ್ಕ. ಜಾಡು ಬಿಡುವ ದಿವಸ ಆ ಬೆಟ್ಟವನ್ನು ಬಲ್ಲ ದಾರಿಗಾರನ ಸಂಬಳ.

ತಂದೆ ಎಲ್ಲವನ್ನೂ ಕೇಳಿ ಕೊನೆಗೆ ಅಂದನು: “ಹಲಗೀಗಿಂತಾ ಸಲಿಕೀಗಿ ಹೆಚ್ಚ ಖರ್ಚ ಮಾಡೀದಿ.”

“ಹೌದಪಾ.”

“ಹಂಗಾರ ತಿಳದೈತಿ” ಎಂದು ಪೆಟ್ಟಿಗೆಯ ಕೀಲಿಯನ್ನು ಕೊಟ್ಟನು. ಹಣವು ಲೆಕ್ಕದಲ್ಲಿ ಅರ್ಧ ಮಾತ್ರ ವೆಚ್ಚವಾಗಿ, ಹೊಸ ಮಗ್ಗದ ಆಸೆಯು ಸಾಯದೆ ಎರಡು ವರುಷ ಮುಂದೆ ಹೋಯಿತು. ಫ್ರೀಸ್ಟೈಲೂ ಮಗ್ಗವೂ ಜೊತೆಯಾಗಿ ಕಾಯುವಂತಾಯಿತು.

ಫೆಬ್ರುವರಿಯಲ್ಲಿ ತರುಣನು ಮತ್ತೆ ಗುಲ್ಮರ್ಗಕ್ಕೆ ಹೋದನು. ಮೂರನೆಯ ದಿವಸ ಇರುಳೆಲ್ಲ ಹಿಮ ಸುರಿದು ಬೆಳಗಿಗೆ ಬಾನು ತಿಳಿಯಾಯಿತು. ಹೊಳೆಯುವ ಹೊಸ ಹಿಮ. ಅಗಲವಾದ ಹಲಗೆಗಳನ್ನು ಹೆಗಲಿಗೇರಿಸಿದ ಜನ. ದಾರಿಗಾರನು ಮೇಲಿನ ಇಳಿಜಾರನ್ನು ನೋಡಿ, ಗಾಳಿಯು ಹಿಮವನ್ನು ಒಟ್ಟಿದೆ, ಎರಡು ದಿವಸ ತಡೆಯೋಣ ಎಂದನು. ಇಷ್ಟು ದೂರ ಬಂದು, ತಂದೆಯ ಹಣ ತೆತ್ತು, ಕೈಯಲ್ಲಿ ಹಲಗೆ ಹಿಡಿದು ಕೆಳಗೆ ನಿಲ್ಲುವದು ಇಳಿಯುವದಕ್ಕಿಂತ ಕಠಿನ. ನಿಂತನು. ಆ ಎರಡು ದಿವಸ ಒತ್ತಿದ ಜಾಡಿನಲ್ಲಿಯೇ ತಿರುವುಗಳನ್ನು ತಿದ್ದಿಕೊಂಡನು. ಐದನೆಯ ದಿವಸ ದಾರಿಗಾರನ ಹಿಂದೆ ಜಾಡು ಬಿಟ್ಟು ಇಳಿದನು. ಹಲಗೆಯು ತೇಲಿತು. ಕೆಳಗೆ ಬಂದು ತಿರುಗಿ ನೋಡಿದಾಗ ಬಿಳಿಯ ಒಡಲಿನ ಮೇಲೆ ಎರಡು ಗೆರೆಗಳು ಅಂಚಿನಂತೆ ಬಳಕುತ್ತ ಬಂದಿದ್ದವು.

ಅಂದು ಸಂಜೆ ಮನೆಗೆ ಫೋನು ಮಾಡಿದನು. ಎಷ್ಟು ಎತ್ತರದಿಂದ ಇಳಿದೆ, ಎಷ್ಟು ವೇಗ, ಹಲಗೆ ಹೇಗೆ ತೇಲಿತು ಎಂಬುದನ್ನೆಲ್ಲ ಹೇಳಬೇಕೆಂದಿದ್ದನು. ಅತ್ತ ಕಡೆಯಿಂದ ಮಗ್ಗದ ಸಪ್ಪಳ ನಿಂತಿತು. ತಂದೆ ಕೇಳಿದ್ದು ಒಂದೇ:

“ಕಾಲ ಹ್ಯಾಂಗದಾವು?”

“ನೆಟ್ಟಗದಾವಪಾ.”

“ಹಂಗಾರ ಹಲಗಿ ಛಲೋ ಅದಾವ” ಎಂದನು. ಲಾಳಿ ಮತ್ತೆ ಓಡತೊಡಗಿತು.